ಕೆಸುವಿನ ಖಾಲಿ ಕುಂಡ

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಹಿತ್ತಿಲ ಕಟ್ಟೆಯ ಮೇಲಿದ್ದ ಕುಂಡವನ್ನು ತೋರಿಸಿ, “ಇದ್ರಲ್ಲಿ ಈಗ ಏನೂ ಉಳಿದಿಲ್ವಲ್ಲ, ಮಣ್ಣು ಚೆಲ್ಲಿ ಕೊತ್ತಂಬರಿ ಹಾಕ್ಲಾ?” ಎಂದಳು. ನಾನು ಕಾಫಿ ಲೋಟ ಬಿಟ್ಟು ಎದ್ದು ಹೋಗಿ ಕುಂಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅಷ್ಟೊಂದು ಗಾಬರಿ ಯಾಕೆಂದು ಅವಳಿಗೆ ತಿಳಿಯಲಿಲ್ಲ. ನಿಮಗೆ ಹೇಳುತ್ತೇನೆ.

ನನಗೆ ಮೊದಲ ಕೆಲಸ ಸಿಕ್ಕಿದ್ದು ಹೊಳೆನರಸೀಪುರದಲ್ಲಿ. ಅಲ್ಲಿ ನನ್ನ ಸೋದರತ್ತೆಯ ಮನೆಯಲ್ಲೇ ಇದ್ದೆ. ಅತ್ತೆ ಸ್ಕೂಲ್ ಟೀಚರಾಗಿ ನಿವೃತ್ತರಾದವರು. ಅವರ ಮನೆಗೂ ಪಕ್ಕದ ಮನೆಗೂ ನಡುವೆ ಒಬ್ಬರು ನಡೆಯುವಷ್ಟು ಸಂದಿ, ಬಿಸಿಲು ಅಲ್ಲಿಗೆ ಬರುತ್ತಲೇ ಇರಲಿಲ್ಲ. ಆ ನೆರಳಿನಲ್ಲಿ ಜರಿಗಿಡ, ಬಿಗೋನಿಯಾ, ಕೆಂಪು ಚುಕ್ಕೆಯ ಬಣ್ಣದ ಕೆಸು. ಕೆಸುವಿನ ಗಡ್ಡೆಯನ್ನು ನನ್ನಜ್ಜಿ, ಅಂದರೆ ಅತ್ತೆಯ ತಾಯಿ, ರುದ್ರಪಟ್ಟಣದಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಕೊಟ್ಟಿದ್ದರಂತೆ. ಅತ್ತೆ ಮಣ್ಣಿಗೆ ಬೆರಳು ಚುಚ್ಚಿ ನೋಡದೆ ನೀರು ಹಾಕಿದವರಲ್ಲ. ಭಾನುವಾರ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸುತ್ತಿದ್ದರು.

“ಸ್ಕೂಲು ಮಕ್ಕಳ ಮುಖ ಒರೆಸಿದ ಹಾಗೆ ಒರೆಸ್ತೀರಲ್ಲ ಅತ್ತೆ” ಎಂದು ರೇಗಿಸಿದರೆ, “ಇವು ಎದುರು ಮಾತಾಡಲ್ಲ ಕಣೋ” ಎನ್ನುತ್ತಿದ್ದರು.

ಒಂದು ಕಾರ್ತಿಕದಲ್ಲಿ ಅವರನ್ನು ಆಪರೇಷನ್ನಿಗೆಂದು ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಹೊರಡುವಾಗ ಹೇಳಿದ್ದು ಒಂದೇ ಮಾತು: “ಬಿಸಿಲಿಗಿಡಬೇಡ, ಜಾಸ್ತಿ ನೀರು ಹಾಕ್ಬೇಡ.”

ನಾನು ಎರಡನ್ನೂ ಮಾಡಿದೆ. ಕತ್ತಲಲ್ಲಿ ಕೊರಗುತ್ತಿವೆಯೆಂದು ಮರುಕಪಟ್ಟು ಕುಂಡಗಳನ್ನೆಲ್ಲ ಅಂಗಳಕ್ಕೆ ಹೊತ್ತು ತಂದೆ. ಅಕ್ಕಿ ತೊಳೆದ ನೀರನ್ನು ಹೊತ್ತು ಹೊತ್ತಿಗೂ ಸುರಿದೆ. ಜರಿಗಿಡ ಸುಟ್ಟಿತು, ಬಿಗೋನಿಯಾ ಕೊಳೆಯಿತು. ಚಳಿ ಬಿಗಿಯಾಗುವ ಹೊತ್ತಿಗೆ ಕೆಸುವಿನ ಕೊನೆಯ ಎಲೆಯೂ ಬಿತ್ತು. ಅತ್ತೆ ಬರುವುದರೊಳಗೆ ಹೊಸ ಗಿಡ ತಂದಿಟ್ಟರಾಯಿತೆಂದು ಕುಂಡಗಳ ಮಣ್ಣನ್ನೆಲ್ಲ ಕಸದ ಗಾಡಿಗೆ ಸುರಿದುಬಿಟ್ಟೆ.

ಮುಂದಿನ ವಾರ ಆಸ್ಪತ್ರೆಯಲ್ಲಿ ಅತ್ತೆ ಕೇಳಿದರು, “ಅಮ್ಮನ ಕೆಸು ಹೇಗಿದೆಯೋ?”

“ಎಲೆ ಮೊರದಗಲ ಆಗಿದೆ ಅತ್ತೆ, ನೀವೇ ಬಂದು ನೋಡಿ.”

ಅವರು ನನ್ನನ್ನೇ ನೋಡಿದರು. ಬೈಯಲಿಲ್ಲ. “ಎಲೆ ಇಲ್ದೇ ಇದ್ರೂ ಆ ಕುಂಡ ಎಸೀಬೇಡ ಕಣಪ್ಪಾ” ಎಂದು ಗೋಡೆಯ ಕಡೆ ತಿರುಗಿದರು. ಅತ್ತೆ ಮನೆಗೆ ಬರಲಿಲ್ಲ.

ಅವರ ಕರ್ಮಗಳೆಲ್ಲ ಮುಗಿದ ಮೇಲೆ, ಶಾಂತಿಗ್ರಾಮದ ಹತ್ತಿರ ಒಂದು ನರ್ಸರಿಯಲ್ಲಿ ಅಂಥದೇ ಕೆಸು ಕೇಳಿದೆ. ಅಲ್ಲಿಯವನು ಬರೀ ಮಣ್ಣಿದ್ದ ಕುಂಡವೊಂದನ್ನು ಮುಂದಿಟ್ಟ.

“ಇದು ಸತ್ತಿದೆಯಲ್ಲಪ್ಪ.”

“ಸತ್ತಿಲ್ಲ ಸಾ, ಮನಿಕ್ಕಂಡದೆ. ಚಳೀಲಿ ಕೆಸಿಗೆ ಎಲೆ ಎಲ್ಲಿರ್ತದೆ? ಮಳೆ ಬಿದ್ರೆ ಎದ್ದೇಳ್ತದೆ.”

ನಾನು ಅಲ್ಲೇ ಇಟ್ಟಿಗೆ ರಾಶಿಯ ಮೇಲೆ ಕೂತೆ. ಮೊರದಗಲದ ನನ್ನ ಸುಳ್ಳು ಅತ್ತೆಗೆ ಆ ಕ್ಷಣವೇ ತಿಳಿದಿತ್ತು. ಗಡ್ಡೆ ಮಣ್ಣಿನಲ್ಲಿ ಬದುಕಿದ್ದಾಗಲೇ ನಾನು ಎಸೆದಿದ್ದೆ. ಅಜ್ಜಿ ಸೆರಗಿನಲ್ಲಿ ಕಟ್ಟಿ ತಂದದ್ದು ಮತ್ತೆ ಯಾವ ನರ್ಸರಿಯಲ್ಲೂ ಸಿಗುವುದಿಲ್ಲ. ಆದರೂ ಅಂದು ಕೊಂಡು ತಂದ ಆ ಕುಂಡವೇ ಈಗ ನಮ್ಮ ಹಿತ್ತಿಲ ಕಟ್ಟೆಯ ಮೇಲಿರುವುದು.

ಹೆಂಡತಿಗೆ ಇದನ್ನು ಇವತ್ತೇ ಮೊದಲ ಸಲ ಹೇಳಿದ್ದು. ಅವಳು ಕುಂಡವನ್ನು ಇಸಿದುಕೊಂಡು ಗೋಡೆಯ ನೆರಳಿಗಿಟ್ಟಳು. ಅವಳು ಒಳಗೆ ಹೋದ ಮೇಲೆ ಮಣ್ಣಿಗೆ ಬೆರಳು ಚುಚ್ಚಿ ನೋಡಿದೆ. ತಣ್ಣಗಿತ್ತು. ಅಂದು ಆಸ್ಪತ್ರೆಯಲ್ಲಿ ಹೇಳಬೇಕಾಗಿದ್ದನ್ನು ಮೆಲ್ಲಗೆ ಹೇಳಿದೆ:

“ಎಲೆ ಒಂದೂ ಇಲ್ಲ, ಅತ್ತೆ.”