ಹುಳ ಒಪ್ಪಬೇಕಾದ ಲಪ್ಪ

ನಾನು ಶಾಲೆ ಬಿಟ್ಟದ್ದು ನಾಲ್ಕನೇ ಕ್ಲಾಸಿನಲ್ಲಿ. ಅದಕ್ಕೆ ನನಗೆ ಬೇಜಾರಿಲ್ಲ. ಎರಡು ತಗಡು ಕೂಡುವ ಜಾಗದಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಕಣ್ಣು ಮುಚ್ಚಿಕೊಂಡು ಹೆಬ್ಬೆರಳಲ್ಲಿ ಹೇಳಬಲ್ಲೆ. ಅದನ್ನು ಕಲಿಸಿದವರು ಚಿಕ್ಕಬಳ್ಳಾಪುರದ ನನ್ನ ಉಸ್ತಾದ್. ಬಸ್ಸು, ಲಾರಿ, ಜೀಪು, ಯಾವುದೇ ಬರಲಿ, ತಗಡು ಬಡಿದು, ಬೆಸುಗೆ ಹಾಕಿ, ಸಂದಿಗೆಲ್ಲ ಕಾಯಿಸಿದ ತಾರು ಸುರಿದು ಕಳಿಸುತ್ತಿದ್ದರು. ರಸ್ತೆಗೆ ಹಾಕುತ್ತಾರಲ್ಲ, ಅದೇ ತಾರು. ಅದರಿಂದ ಮುಚ್ಚಲಾಗದ ತೂತನ್ನು ದೇವರು ಇನ್ನೂ ಮಾಡಿಲ್ಲ ಎಂದು ಅವರು ನಂಬಿದ್ದರು.

ಅವರ ಹತ್ತಿರ ವರ್ಷಗಟ್ಟಲೆ ದುಡಿದ ಮೇಲೆ, ಅರವತ್ತರ ದಶಕ ಶುರುವಾದ ಹೊತ್ತಿನಲ್ಲಿ, ಸಣ್ಣ ಮಾತಿಗೆ ದೊಡ್ಡ ಜಗಳ ಆಡಿಕೊಂಡು ಹೊರಬಿದ್ದೆ.

"ನೀವಿಲ್ದೇನೂ ನಾನು ಮೇಸ್ತ್ರಿ ಆಗ್ತೀನಿ ಉಸ್ತಾದ್," ಅಂದೆ.

"ಆಗಪ್ಪ, ಆಗು. ಆಗ್ದಿದ್ರೆ ವಾಪಸ್ ಬಾ. ನಿನ್ ಕುಂಟ ಸ್ಟೂಲು ಎಲ್ಲೂ ಹೋಗಲ್ಲ. ಅದನ್ನ ಕದಿಯೋ ಅಂಥ ಬಡವ ಇನ್ನೂ ಹುಟ್ಟಿಲ್ಲ," ಅಂದರು.

ಆ ಸ್ಟೂಲಿಗೆ ಮೂರು ಕಾಲು ನೆಟ್ಟಗಿದ್ದವು. ನಾಲ್ಕನೆಯದು ಅದರ ಮನಸ್ಸು ಬಂದಾಗ ಕಳಚಿಕೊಳ್ಳುತ್ತಿತ್ತು. ಮತ್ತೆ ಹೋಗಿ ಅದರ ಮೇಲೆ ಕೂರುವುದಕ್ಕಿಂತ ಮಂಡಿಕಲ್ ಕಡೆಯ ನಮ್ಮ ಊರಲ್ಲಿ ಎಮ್ಮೆ ಕಾಯುವುದೇ ಮೇಲು ಎಂದುಕೊಂಡು ಶಿಡ್ಲಘಟ್ಟಕ್ಕೆ ಬಂದೆ. ಚಿಂತಾಮಣಿ ರಸ್ತೆಯ ಪಕ್ಕ, ಬಸ್ಸು ನಿಲ್ಲುವ ಕಡೆ, ಶೀಟು ಹೊದಿಸಿ ಒಂದು ಶೆಡ್ಡು ಹಾಕಿದೆ. ಮೊದಮೊದಲು ಬಂದದ್ದೆಲ್ಲ ಕೊಡಪಾನ, ಹಂಡೆ, ಸೈಕಲ್ಲಿನ ಮಡ್‌ಗಾರ್ಡು. ಆಮೇಲೆ ಸಾಹುಕಾರರ ಪಿಕಪ್ಪು ಬಂತು.

ಸಾಹುಕಾರರು ಎಂದರೆ ರೇಷ್ಮೆ ಹುಳು ಸಾಕುವ ಮನೆಯವರು. ಹಿಪ್ಪುನೇರಳೆ ತೋಟ ಸಾದಲಿಯಲ್ಲಿ, ಹುಳು ಮನೆ ಶಿಡ್ಲಘಟ್ಟದಲ್ಲಿ. ಎತ್ತಿನ ಗಾಡಿಯಲ್ಲಿ ಸೊಪ್ಪು ಬರುವಷ್ಟರಲ್ಲಿ ಬಿಸಿಲಿದ್ದರೆ ಬಾಡುತ್ತಿತ್ತು, ಮಳೆ ಬಂದರೆ ತೋಯುತ್ತಿತ್ತು. ಬಾಡಿದ್ದನ್ನು ಹುಳು ಮುಟ್ಟುವುದಿಲ್ಲ, ತೋಯ್ದದ್ದನ್ನು ತಿಂದರೆ ರೋಗ ಬರುತ್ತದೆ. ಅದಕ್ಕೇ ಅವರು ಯುದ್ಧದ ಕಾಲದ ಒಂದು ಹಳೇ ಪಿಕಪ್ಪನ್ನು ಮಿಲಿಟರಿ ಹರಾಜಿನಲ್ಲಿ ಹಿಡಿದು ತಂದಿದ್ದರು. ಎಂಜಿನ್ನು ಗಟ್ಟಿಯಿತ್ತು. ಹಿಂದಿನ ಪೆಟ್ಟಿಗೆ ಮಾತ್ರ ಜರಡಿ. ಒಳಗೆ ಕೂತು ನೋಡಿದರೆ ಹಗಲಲ್ಲೇ ನಕ್ಷತ್ರ ಕಾಣುತ್ತಿದ್ದವು. ನೆಲದ ಸಂದಿಯಿಂದ ಧೂಳೂ ಸೈಲೆನ್ಸರಿನ ಹೊಗೆಯೂ ಸೀದಾ ಒಳಕ್ಕೆ ನುಗ್ಗುತ್ತಿದ್ದವು.

"ಒಂದು ಹನಿ ನೀರು, ಒಂದೆಳೆ ಹೊಗೆ ಒಳಕ್ಕೆ ಬರಬಾರ್ದು ಮೇಸ್ತ್ರಿ. ಬಂತು ಅಂದ್ರೆ ಗಾಡೀನ ನಿಮ್ಮ ಉಸ್ತಾದ್ ಹತ್ರಾನೇ ಕಳಿಸ್ತೀನಿ," ಅಂದರು ಸಾಹುಕಾರರು.

ಅವರು ನನ್ನನ್ನು ಮೇಸ್ತ್ರಿ ಎಂದು ಕರೆದ ಖುಷಿಯಲ್ಲಿ ಉಳಿದ ಮಾತು ನನಗೆ ತಡವಾಗಿ ತಲೆಗೆ ಹೋಯಿತು. ಈ ಗಾಡಿ ಚಿಕ್ಕಬಳ್ಳಾಪುರಕ್ಕೆ ಹೋದರೆ ಅದರ ಹಿಂದೆಯೇ ನಾನೂ ಹೋಗಬೇಕು, ಸ್ಟೂಲಿನ ಮೇಲೆ ಕೂರಬೇಕು.

ಮಾರನೇ ದಿನ ಸಾಹುಕಾರರ ತಾಯಿ ಬಂದರು. ಹುಳು ಮನೆಯ ಯಜಮಾನಿಕೆಯೆಲ್ಲ ಆ ಅವ್ವನದೇ. ಮಗ ಹೊರಗಿನ ವ್ಯಾಪಾರ ನೋಡಿಕೊಳ್ಳುತ್ತಿದ್ದರು, ಹುಳು ಸಾಕುವ ತಟ್ಟೆ ಮುಟ್ಟಿದವರೇ ಅಲ್ಲ. ಅವ್ವನ ಕಣ್ಣು ಮಂಜಾಗಿತ್ತು, ಮೂಗು ಮಾತ್ರ ಪೊಲೀಸು. ನನ್ನ ಶೆಡ್ಡಿನೊಳಗೆ ಕಾಲಿಡುವ ಮುಂಚೆಯೇ ನಿಂತರು.

"ಏಮಪ್ಪಾ, ತಲೆಗೆ ಏನು ಹಚ್ಚಿದ್ದೀಯ?"

"ಮಲ್ಲಿಗೆ ಎಣ್ಣೆ ಅವ್ವ."

"ತೊಳ್ಕೊಂಡು ಬಾ. ನಿನ್ನ ತಲೆ ವಾಸನೆ ತಗಡಿಗೆ ಹತ್ತುತ್ತೆ, ತಗಡಿಂದು ಸೊಪ್ಪಿಗೆ ಹತ್ತುತ್ತೆ. ಹುಳ ಬಾಯಿ ಮುಚ್ಕೊಂಡು ಕೂತ್ಕೊಂತವೆ."

ಹೊಗೆಸೊಪ್ಪಂತೂ ಹುಳಕ್ಕೆ ನೇರ ವಿಷ, ಬೀಡಿ ಸೇದುವವರು ಗಾಡಿಯ ನೆರಳಿಗೂ ಬರಬಾರದು ಎಂದರು. ಸೀಮೆಎಣ್ಣೆ ಬೇಡ, ತಾರು ಬೇಡ. ಪಕ್ಕದಲ್ಲೇ ಇದ್ದ ಸಾಹುಕಾರರು ದೊಡ್ಡದಾಗಿ ತಲೆಯಾಡಿಸಿದರು. ಅವರ ಬನಿಯನ್ನಿನೊಳಗೆ ನಶ್ಯದ ಡಬ್ಬಿ ಇದ್ದದ್ದು ನನಗೆ ಗೊತ್ತಿತ್ತು. ಪೇಟೆಗೆಲ್ಲ ಗೊತ್ತಿತ್ತು. ಅವ್ವನ ಎದುರು ಹೋಗುವ ಮುಂಚೆ ಮುಖ, ಕೈ ತಿಕ್ಕಿ ತೊಳೆದುಕೊಳ್ಳುತ್ತಿದ್ದರು.

ತಾರು ಬೇಡ ಎಂದಾಗ ಉಸ್ತಾದ್ ಆಗಿದ್ದರೆ ಗಾಡಿಯನ್ನೇ ವಾಪಸ್ ಕಳಿಸುತ್ತಿದ್ದರು. ನಾನು ಕಳಿಸಲಿಲ್ಲ. ಸಂದಿಯ ತುಕ್ಕನ್ನೆಲ್ಲ ತಂತಿ ಬ್ರಷ್ಷಿನಲ್ಲಿ ಉಜ್ಜಿ ತೆಗೆದೆ. ಜಿಡ್ಡು ತೊಳೆಯಲು ಸೀಮೆಎಣ್ಣೆ ಕೂಡದಲ್ಲ, ಅದಕ್ಕೆ ಸೀಗೆಪುಡಿ ನೀರಲ್ಲಿ ನೆನೆಸಿ ತಿಕ್ಕುತ್ತಾ ಕೂತೆ. ಚಿಂತಾಮಣಿ ಬಸ್ಸಿಗೆ ಕಾಯುವ ಜನಕ್ಕೆ ಬೇರೆ ಕೆಲಸವಿರಲಿಲ್ಲ.

"ಏನ್ ಮೇಸ್ತ್ರಿ, ಗಾಡಿಗೆ ಎಣ್ಣೆ ಸ್ನಾನಾನಾ? ದೀಪಾವಳಿ ಇನ್ನೂ ದೂರ ಐತೆ."

"ಹೆಣ್ಣು ನೋಡಕ್ಕೆ ಕರ್ಕೊಂಡು ಹೋಗ್ತಾನೆ ಕಣೋ. ಬೆನ್ನು ಚೆನ್ನಾಗಿ ಉಜ್ಜಪ್ಪ, ಅಲ್ಲಿ ತುಕ್ಕೈತೆ."

ತೊಳೆದು ಒಣಗಿಸಿ ಕೆಂಪು ಪ್ರೈಮರ್ ಬಳಿದೆ. ಆಮೇಲೆ ಸಂದಿಗೆ ತುಂಬುವ ಲಪ್ಪ ಕಲಸಿದೆ. ಸೀಮೆಸುಣ್ಣದ ಪುಡಿಯನ್ನು ತೆಳುಬಟ್ಟೆಯಲ್ಲಿ ಸೋಸಿ, ಕಾಯಿಸಿ ಆರಿಸಿದ ಅಗಸೆ ಎಣ್ಣೆ ಹನಿಹನಿಯಾಗಿ ಬಿಟ್ಟು, ಚಪಾತಿ ಹಿಟ್ಟಿನ ಹಾಗೆ ನಾದಬೇಕು. ಎಣ್ಣೆ ಹೆಚ್ಚಾದರೆ ಜಾರುತ್ತದೆ, ಕಮ್ಮಿಯಾದರೆ ಬಿರಿಯುತ್ತದೆ. ಬತ್ತಿಯ ಹಾಗೆ ಹೊಸೆದು ಸಂದಿಯ ಉದ್ದಕ್ಕೂ ಇಟ್ಟು ಹೆಬ್ಬೆರಳಲ್ಲಿ ಒತ್ತುತ್ತಾ ಹೋಗಬೇಕು. ಮೇಲೆ ಮೆತ್ತಿದರೆ ಅಂದಕ್ಕಷ್ಟೇ, ಒಳಕ್ಕೆ ಇಳಿದರೆ ಮಾತ್ರ ಕೆಲಸಕ್ಕೆ. ಕೊನೆಗೆ ಒದ್ದೆ ಬೆರಳಲ್ಲಿ ಒಂದೇ ಎಳೆತಕ್ಕೆ ಸವರಿಬಿಡಬೇಕು. ಎರಡನೇ ಸಲ ಸವರುವವನಿಗೆ ತನ್ನ ಮೇಲೇ ನಂಬಿಕೆಯಿಲ್ಲ ಎಂದು ಉಸ್ತಾದ್ ಹೇಳುತ್ತಿದ್ದರು. ಜಗಳ ಬೇರೆ, ವಿದ್ಯೆ ಬೇರೆ.

ಅಗಸೆ ಎಣ್ಣೆಗೂ ವಾಸನೆಯುಂಟು. ಬಿಸಿಲಲ್ಲಿ ಬಾಗಿಲು ತೆಗೆದಿಟ್ಟು, ಅದು ಪೂರ್ತಿ ಹೋಗುವ ತನಕ ದಿನಾ ಮೂಗಿಟ್ಟು ನೋಡಿದೆ. ಲಪ್ಪ ಕಲ್ಲಾಯಿತು. ನೀರಿನ ಪರೀಕ್ಷೆಗೆ ನಾನು ಪೆಟ್ಟಿಗೆಯೊಳಗೆ ಕೂತು ಬಾಗಿಲು ಹಾಕಿಸಿಕೊಂಡೆ. ಸಾಹುಕಾರರು ಪಂಚೆ ಎತ್ತಿಕಟ್ಟಿ ಮೇಲೆ ಹತ್ತಿ ಕೊಡ ಕೊಡ ಸುರಿದರು.

"ಬಂತಾ?"

"ಇಲ್ಲಣ್ಣ."

"ಈಗ?"

"ಇಲ್ಲಣ್ಣ."

"ಇನ್ನೊಂದು ಕೊಡ ಹಾಕ್ತೀನಿ ತಾಳು."

ಬಾಗಿಲು ತೆಗೆದಾಗ ನಾನು ತೊಪ್ಪೆಯಾಗಿದ್ದೆ. ಅವರ ಮುಖ ಬಿಳಿಚಿಕೊಂಡಿತು. ಅದು ಬೆವರು ಎಂದು ಒಪ್ಪಿಸುವಷ್ಟರಲ್ಲಿ ಸಾಕಾಯಿತು. ಕೊನೆಗೆ ನೆಲ ಮುಟ್ಟಿ ನೋಡಿಕೊಂಡರು. ಒಣಗಿತ್ತು.

ಉಳಿದದ್ದು ವಾಸನೆ. ಅದನ್ನು ಅವ್ವನೇ ಹೇಳಬೇಕಿತ್ತು. ಅವ್ವ ಮೊಮ್ಮಗುವಿನ ನಾಮಕರಣಕ್ಕೆ ಬೆಳಿಗ್ಗೆಯೇ ಚಿಂತಾಮಣಿಗೆ ಹೋಗಿದ್ದರು. ಸಾಹುಕಾರರಿಗೆ ತಾಳ್ಮೆಯಿಲ್ಲ. ಹುಳು ಮನೆಗೆ ಹೋಗಿ ಒಂದು ತಟ್ಟೆಯನ್ನು ತಾವೇ ಎತ್ತಿಕೊಂಡು ಬಂದು, ಪಿಕಪ್ಪಿನೊಳಗಿಟ್ಟು, ಎಳೇ ಸೊಪ್ಪು ಹಾಕಿದರು. "ಹುಳಾನೇ ಹೇಳ್ಲಿ," ಅಂದರು.

ಕಾದೆವು. ಹುಳು ಒಂದೂ ಅಲುಗಲಿಲ್ಲ. ತಲೆ ಮೇಲೆತ್ತಿಕೊಂಡು, ಪಂಚಾಯ್ತಿಗೆ ಕೂತ ಹಿರಿಯರ ಹಾಗೆ ಸುಮ್ಮನಿದ್ದವು. ಸಾಹುಕಾರರು ಸೊಪ್ಪನ್ನು ಅವುಗಳ ಬಾಯಿಯ ಹತ್ತಿರ ಹಿಡಿದು ಪುಸಲಾಯಿಸಿದರು. ಇಲ್ಲ.

"ನಿನ್ ಲಪ್ಪ ವಿಷ ಕಣಯ್ಯ," ಅಂದರು.

"ನಂಗೇನೂ ವಾಸ್ನೆ ಬರ್ತಿಲ್ಲ, ನಿಮಗೆ ಬರ್ತೈತಾ?"

"ನಾನೇನು ಸೊಪ್ಪು ತಿಂತೀನಾ? ತಿನ್ನೋವೇ ಬೇಡ ಅಂತಾವೆ. ಕಿತ್ತಾಕು ಎಲ್ಲಾ."

"ನಾನು ಕೀಳಲ್ಲಣ್ಣ. ಅವ್ವ ಬರ್ಲಿ."

ಆಗ ಅವರೇ ಸ್ಕ್ರೂಡ್ರೈವರ್ ಎತ್ತಿಕೊಂಡು ಬಾಗಿಲ ಪಕ್ಕದಲ್ಲಿ ಒಂದು ಗೇಣು ಕಿತ್ತರು. ಕಲ್ಲಾಗಿದ್ದ ಲಪ್ಪ ಸುಲಭಕ್ಕೆ ಬರಲಿಲ್ಲ, ನನಗೆ ಅಷ್ಟೇ ಸಮಾಧಾನ. ಬೆವರೊರೆಸಿಕೊಂಡು, ಅಲ್ಲೇ ನಿಂತಿದ್ದ ಚಿಕ್ಕಬಳ್ಳಾಪುರದ ಬಸ್ಸಿನ ಕಂಡಕ್ಟರನ್ನು ಕೂಗಿ, "ಅಲ್ಲಿ ಉಸ್ತಾದ್‌ಗೆ ಹೇಳಪ್ಪ, ಇಲ್ಲೊಂದು ಗಾಡಿ ಕೆಟ್ಟೋಗೈತೆ, ಬಂದು ಮೊದಲಿಂದ ಮಾಡ್ಬೇಕು ಅಂತ," ಅಂದರು.

ನನ್ನ ಕಣ್ಣ ಮುಂದೆ ಸ್ಟೂಲಿನ ನಾಲ್ಕನೇ ಕಾಲು ಕಳಚಿಕೊಂಡಿತು.

ಸಂಜೆ ಚಿಂತಾಮಣಿ ಬಸ್ಸಿನಿಂದ ಅವ್ವ ಇಳಿದರು. ಕೈಯಲ್ಲಿ ನಾಮಕರಣದ ತಾಂಬೂಲ. ಪಿಕಪ್ಪಿನೊಳಗೆ ಬಗ್ಗಿ ತಟ್ಟೆ ನೋಡಿದವರು ಕಣ್ಣಿನ ಹತ್ತಿರ ತಂದುಕೊಂಡು ಮತ್ತೆ ನೋಡಿದರು.

"ಈ ತಟ್ಟೆ ಯಾರು ತಂದಿದ್ದು?"

"ನಾನೇ ಅಮ್ಮ. ನೋಡು, ಬೆಳಿಗ್ಗೆಯಿಂದ ಒಂದೆಲೆ ಮುಟ್ಟಿಲ್ಲ. ಈ ಲಪ್ಪ..."

"ಹುಳ ಜ್ವರಕ್ಕೆ ಕೂತಾವಲ್ಲೋ."

ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಬೆಳೆಯುವಾಗ ನಾಲ್ಕು ಸಲ ತಲೆಯೆತ್ತಿ ಕೂತು, ಉಪವಾಸವಿದ್ದು, ಹಳೇ ಚರ್ಮ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲಿ ಅವಕ್ಕೆ ಅಮೃತ ಇಟ್ಟರೂ ತಿನ್ನುವುದಿಲ್ಲ. ಅಲುಗಿಸಲೂ ಬಾರದು.

"ರೇಷ್ಮೆ ಮನೇಲಿ ಹುಟ್ಟಿ, ರೇಷ್ಮೆ ಪಂಚೆ ಉಟ್ಟು ಮದುವೆಯಾದೋನು. ನಾಲ್ಕನೇ ಜ್ವರದಲ್ಲಿರೋ ಹುಳಕ್ಕೆ ಊಟ ಬಡಿಸ್ಕೊಂಡು ಕೂತಿದ್ದೀಯ. ನಿನಗೆ ಜ್ವರ ಬಂದಾಗ ನಾನು ಹಿಂಗೇ ಲಾರಿಗೆ ಹತ್ತಿಸಿ ಹೋಳಿಗೆ ತುರುಕಬೇಕಿತ್ತು," ಅಂದರು ಅವ್ವ.

ಬಸ್ ನಿಲ್ದಾಣದ ಜನವೆಲ್ಲ ಹತ್ತಿರ ಬಂದು ಕೇಳಿಸಿಕೊಂಡರು. ಸಾಹುಕಾರರು ಕೆಂಪಾಗಿ, "ಕಿತ್ತೋನು ನಾನು, ಮೆತ್ತೋನೂ ನಾನೇ," ಎಂದು ನಾನು ತಡೆಯುವಷ್ಟರಲ್ಲಿ ಲಪ್ಪದ ಉಂಡೆ ತೆಗೆದುಕೊಂಡು ಆ ಗೇಣು ಜಾಗಕ್ಕೆ ತಮ್ಮ ಹೆಬ್ಬೆರಳಲ್ಲೇ ಒತ್ತಿದರು. ಎರಡು ಸಲವಲ್ಲ, ನಾಲ್ಕು ಸಲ ಸವರಿದರು.

ಹುಳು ಜ್ವರದಿಂದ ಎದ್ದ ಮೇಲೆ ಅವ್ವ ತಾವೇ ತಟ್ಟೆ ತಂದರು. ಅದೇ ಹೊತ್ತಿಗೆ ಚಿಕ್ಕಬಳ್ಳಾಪುರದ ಬಸ್ಸಿನಿಂದ ಉಸ್ತಾದ್ ಇಳಿದರು. ಕಂಕುಳಲ್ಲಿ ತಾರಿನ ಡಬ್ಬ, ಬಾಯಲ್ಲಿ ಬೀಡಿ.

"ಅಲ್ಲೇ ನಿಲ್ಲಪ್ಪ," ಅಂದರು ಅವ್ವ, ತಿರುಗಿಯೂ ನೋಡದೆ. ಉಸ್ತಾದ್ ರಸ್ತೆಯ ಆಚೆ ಬದಿಗೆ ಹೋಗಿ ನಿಂತರು. ಜೀವನದಲ್ಲಿ ಅವರು ಒಂದೇ ಮಾತಿಗೆ ಬಗ್ಗಿದ್ದನ್ನು ನಾನು ಕಂಡದ್ದು ಆವತ್ತೇ.

ಸೊಪ್ಪು ಬಿತ್ತು. ನಾನು ಉಸಿರು ಹಿಡಿದು ತಟ್ಟೆಗೆ ಕಿವಿ ಕೊಟ್ಟೆ. ಮೊದಲು ಒಂದು ಮೂಲೆಯಲ್ಲಿ, ಆಮೇಲೆ ತಟ್ಟೆಯ ತುಂಬ, ಚರಚರ ಎಂದು ಶುರುವಾಯಿತು. ಮದುವೆ ಮನೆಯ ಎರಡನೇ ಪಂಕ್ತಿಯವರು ಕೂಡ ಹಾಗೆ ತಿಂದದ್ದನ್ನು ನಾನು ನೋಡಿಲ್ಲ. ಸೊಪ್ಪಿನ ದಂಟಷ್ಟೇ ಉಳಿಯಿತು.

ಅವ್ವನಿಗೆ ಅಷ್ಟು ಸಾಲದು. ಮಂಡಿಯೂರಿ, ಸಂದಿಯ ಉದ್ದಕ್ಕೂ ಮೂಗಾಡಿಸುತ್ತಾ ಹೊರಟರು. ನೆಲ ಆಯಿತು, ಗೋಡೆ ಆಯಿತು. ಬಾಗಿಲ ಹತ್ತಿರ ನಿಂತುಬಿಟ್ಟರು.

"ಇಲ್ಲಿ ಹೊಗೆಸೊಪ್ಪು ಐತೆ."

"ನಾನು ಸೇದಲ್ಲ ಅವ್ವ," ಅಂದೆ.

"ಸೇದಿರೋದಲ್ಲ. ಮೂಗಿಗೆ ಏರಿಸಿರೋದು."

ಸಾಹುಕಾರರ ಹೆಬ್ಬೆರಳಿನ ಗುರುತು ಲಪ್ಪದ ಮೇಲೆ ಗೆರೆಗೆರೆಯಾಗಿ ಕೂತಿತ್ತು. ಅವ್ವ ಅದನ್ನು ಬೆರಳಲ್ಲಿ ಮುಟ್ಟಿ ನೋಡಿ, ಮಗನ ಕೈ ಹಿಡಿದು ಮೂಗಿನ ಹತ್ತಿರ ಎಳೆದುಕೊಂಡರು. ಅಂಗೈ ಚಾಚಿದರು. ಸಾಹುಕಾರರು ಬನಿಯನ್ನಿನೊಳಗಿಂದ ಡಬ್ಬಿ ತೆಗೆದು ಇಟ್ಟರು.

"ಈ ಗೇಣು ಜಾಗ ಮೇಸ್ತ್ರಿ ಕೈಲಿ ಮಾಡ್ಸು. ಮಿಕ್ಕಿದ್ದು ನನಗೆ ಒಪ್ಪಿಗೆ," ಅಂದರು ಅವ್ವ. ಅವರೂ ಮೇಸ್ತ್ರಿ ಅಂದರು.

ಅವ್ವ ಹೋದ ಮೇಲೆ ಉಸ್ತಾದ್ ರಸ್ತೆ ದಾಟಿ ಬಂದರು. ಬೀಡಿ ಬಿಸಾಕಿ, ಬಾಯಿ ಮುಕ್ಕಳಿಸಿ, ಹೊರಗಿನ ಸಂದಿಯ ಮೇಲೆ ಹೆಬ್ಬೆರಳು ಇಟ್ಟು ಈ ತುದಿಯಿಂದ ಆ ತುದಿಗೆ ನಡೆದರು. ತಪ್ಪು ಹುಡುಕುತ್ತಿದ್ದರು. ಮತ್ತೊಂದು ಸುತ್ತು ಹೋದರು.

"ತಾರಾಗಿದ್ರೆ ಒಂದೇ ದಿನದ ಕೆಲ್ಸ," ಅಂದರು ಕೊನೆಗೆ.

"ಹೌದು ಉಸ್ತಾದ್."

"ಆ ಸ್ಟೂಲು ಜಾಗ ತಿಂತೈತೆ ಅಲ್ಲಿ. ಏನ್ ಮಾಡ್ಲಿ?"

"ಕಳಿಸ್ಬಿಡಿ," ಅಂದೆ. ಅವರು ಟೀ ಕೂಡ ಕುಡಿಯದೆ ಡಬ್ಬ ಎತ್ತಿಕೊಂಡು ಬಸ್ಸು ಹತ್ತಿದರು.

ಸ್ಟೂಲು ಬಸ್ಸಿನ ಟಾಪಿನ ಮೇಲೆ ಬಂತು. ನಾಲ್ಕನೇ ಕಾಲು ಗಟ್ಟಿಯಾಗಿತ್ತು. ಉಸ್ತಾದ್ ತಾವೇ ರಿಪೇರಿ ಮಾಡಿ, ಸಂದಿಗೆ ಧಾರಾಳವಾಗಿ ತಾರು ಸುರಿದಿದ್ದರು. ಅಲ್ಲಾಡುವ ಮಾತೇ ಇರಲಿಲ್ಲ. ಆದರೆ ಸೊಪ್ಪಿನ ಗಾಡಿ ಶೆಡ್ಡಿಗೆ ಬಂದಾಗಲೆಲ್ಲ ಅವ್ವ ದೂರದಿಂದಲೇ ಮೂಗರಳಿಸಿ, "ಅದನ್ನ ಆಚೆ ಇಡು," ಅನ್ನುತ್ತಿದ್ದರು. ನಾನು ಸ್ಟೂಲನ್ನು ರಸ್ತೆಯ ಆಚೆ ಬದಿಗೆ, ಆವತ್ತು ಉಸ್ತಾದ್ ನಿಂತಿದ್ದ ಜಾಗದಲ್ಲೇ ಇಟ್ಟು ಬಂದು, ನಿಂತುಕೊಂಡೇ ಕೆಲಸ ಮಾಡುತ್ತಿದ್ದೆ.