ಬೇಟೆಯ ದಿನಗಳಲ್ಲಿ ಹೊಳೆಗಿಳಿದವರು

ನಾರ್ವೆಯ ನದಿಗಳಲ್ಲಿ ಸಾಲ್ಮನ್ ಮೀನಿನ ಸಂತತಿಯನ್ನು ಉಳಿಸಲು ದುಡಿದವರ ಸಾಲಿನಲ್ಲಿ ಶ್ರೀಮತಿ ಟೊರ್ಗುನ್ ಮಿರ್ವಾಂಗ್ ಅವರ ಸ್ಥಾನ ವಿಶಿಷ್ಟವಾದುದು. ಮೀನು ಸಾಕಿ ಹೆಸರು ಗಳಿಸಿದವರು ಹಲವರಿದ್ದಾರೆ; ತಾವೇ ಕಟ್ಟಿ ಬೆಳೆಸಿದ್ದನ್ನು ಎದುರಿಗಿಟ್ಟುಕೊಂಡು, ‘ಇದೇ ತಪ್ಪಿರಬಹುದೇ?’ ಎಂದು ಕೇಳಿ, ಉತ್ತರ ಸಿಗುವವರೆಗೆ ನಿದ್ದೆಗೆಟ್ಟವರು ವಿರಳ.

ಗ್ರೋವಾ ನದಿ ಬರಿದಾಗುತ್ತಿದ್ದ ಕಾಲದಲ್ಲಿ, ದಡದ ರೈತರ ಸಂಘ ಆಗ ತಾನೇ ಓದು ಮುಗಿಸಿ ಬಂದಿದ್ದ ಟೊರ್ಗುನ್ ಅವರನ್ನು ಕರೆದು ಮೀನುಮರಿ ಕೇಂದ್ರವೊಂದನ್ನು ಕಟ್ಟಿಸಿತು. ತಾಯಿಮೀನು ಹಿಡಿದು, ಮೊಟ್ಟೆ ಹಿಂಡಿ, ಮರಿ ಮಾಡಿ ಹೊಳೆಗೆ ಬಿಡುವ ಈ ಕೆಲಸವನ್ನು ಅವರು ಮೂವತ್ತು ವರ್ಷ ವ್ರತದಂತೆ ನಡೆಸಿದರು. ಸಂಘದ ಅಧ್ಯಕ್ಷ ಓಡ್‌ಲೇವ್ ಬ್ರೆಕ್ಕೆನ್ ಅವರ ಪತ್ನಿ ಆಸ್ಪತ್ರೆ ಸೇರಿದಾಗ, ಮೂರು ವಾರ ಅವರ ಕುರಿಗಳಿಗೆ ಮೇವು ಹಾಕಿದವರೂ ಇವರೇ. ಆ ಸಂಗತಿ ಓಡ್‌ಲೇವ್ ಬಾಯಿಂದ ತಿಳಿಯಿತೇ ಹೊರತು ಇವರ ಬಾಯಿಂದಲ್ಲ.

ಆದರೆ ಒಂದು ಬೇಸಿಗೆ ಅವರ ತಲೆಗೆ ಹುಳ ಹೊಕ್ಕಿತು. ಸಮುದ್ರಕ್ಕಿಳಿದು ಬೆಳೆದ ದೊಡ್ಡ ಮೀನುಗಳು ಹೊಳೆಗೆ ಮರಳುತ್ತಿವೆ, ಹೊಳೆಯಲ್ಲಿ ಮೊಟ್ಟೆಯನ್ನೂ ಇಡುತ್ತಿವೆ. ಹಾಗಿದ್ದರೆ ಹೊಳೆಯಲ್ಲೇ ಹುಟ್ಟಿದ ಕೂಸುಗಳೆಲ್ಲಿ? ಗುರುತು ಹಾಕಿದ್ದ ತಮ್ಮ ತೊಟ್ಟಿಯ ಮರಿಗಳನ್ನು ಬಿಟ್ಟರೆ ಬೇರೆ ಮರಿ ಕಾಣುತ್ತಿರಲಿಲ್ಲ. ಅವರು ಮೀನು ಮೊಟ್ಟೆಯಿಡುವ ಜಲ್ಲಿಯೊಳಗೆ ಉಷ್ಣಮಾಪಕ ಹೂತರು, ಹಳೆಯ ದಿನಚರಿಗಳನ್ನೆಲ್ಲ ತಿರುವಿದರು, ನಾಲ್ಕು ವರ್ಷ ಕಾದರು.

ಉತ್ತರ ಇದ್ದದ್ದು ಊರಿನ ಕ್ಯಾಲೆಂಡರಿನಲ್ಲಿ. ಅಕ್ಟೋಬರ್ ಐದಕ್ಕೆ ಮೂಸ್ ಎಂಬ ದೈತ್ಯ ಕಡವೆಯ ಬೇಟೆ ಶುರುವಾದರೆ ಮೂರು ವಾರ ನಮ್ಮಲ್ಲಿ ಹೆಣ ಹೊರಲೂ ಜನ ಸಿಗುವುದಿಲ್ಲ. ಆದ್ದರಿಂದ ತಾಯಿಮೀನು ಹಿಡಿಯುವ ಕೆಲಸ ಸೆಪ್ಟೆಂಬರ್ ಕೊನೆಗೇ ಮುಗಿಯುತ್ತಿತ್ತು. ಆಗ ಮೊಟ್ಟೆ ಮಾಗಿದ ಮೀನುಗಳನ್ನು ಇಟ್ಟುಕೊಂಡು, ಮಾಗದವನ್ನು ಬಿಟ್ಟುಬಿಡುತ್ತಿದ್ದರು. ಬೇಗ ಮಾಗುವ ತಾಯಿಯ ಮಕ್ಕಳೂ ಬೇಗ ಮಾಗುತ್ತವೆ. ಅವು ಹೊಳೆಯಲ್ಲಿಟ್ಟ ಮೊಟ್ಟೆ ಬೇಗ ಒಡೆದು, ಮರಿಗಳು ಜಲ್ಲಿಯಿಂದ ಮೇಲೇಳುವ ಹೊತ್ತಿಗೆ ಸರಿಯಾಗಿ ಹಿಮ ಕರಗಿದ ನೆರೆ ಬಂದು ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತಿತ್ತು. ನೆರೆ ಇಳಿದ ಮೇಲೆ ಮರಿ ಏಳಿಸುವ, ತಡವಾಗಿ ಮೊಟ್ಟೆಯಿಡುವ ಹಳೆಯ ತಳಿ, ಇವರು ಸಾಕಿದ ಮೀನುಗಳ ಗದ್ದಲದಲ್ಲಿ ಅಳಿವಿನಂಚಿಗೆ ಬಂದಿತ್ತು.

ಸಂಘದ ಸಭೆಯಲ್ಲಿ ಟೊರ್ಗುನ್ ಎದ್ದು, ಕೇಂದ್ರ ಮುಚ್ಚಬೇಕೆಂದರು.

“ಅಲ್ಲ ಕಣಮ್ಮ, ತಲೆಗಿಲೆ ಕೆಟ್ಟಿದ್ಯಾ?” ಎಂದು ಓಡ್‌ಲೇವ್ ಎಗರಿದರು. “ಮೂವತ್ತು ವರ್ಷ ಸಾಕಿದೋಳೇ ಈಗ ಬಾಗ್ಲು ಹಾಕಿ ಅಂತೀಯಲ್ಲ!”

“ಸಾಕಿದ್ದು ನಾನೇ, ಕೆಡಿಸಿದ್ದೂ ನಾನೇ. ಒಂದ್ಸಲ ಬೇಟೆ ಬಿಟ್ಟು ಹೊಳೆಗೆ ಬನ್ನಿ, ತೋರಿಸ್ತೀನಿ.”

“ಬೇಟೆ ಬಿಟ್ಟಾ? ನನ್ ಮದುವೆ ವರ್ಷಾನೂ ಬಿಟ್ಟೋನಲ್ಲ ಕಣೇ ನಾನು!”

ಸಭೆ ಬಿದ್ದು ಬಿದ್ದು ನಕ್ಕಿತು. ಟೊರ್ಗುನ್ ಅವರ ಪರ ಬಿದ್ದದ್ದು ನಾಲ್ಕೇ ಮತ. ಆ ಸಂಜೆ ಅವರು ಕೇಂದ್ರದ ತೊಟ್ಟಿಗಳ ನಡುವೆ ಕೂತು ಅತ್ತರೆಂದು ಈಚೆಗೆ ತಾವೇ ಹೇಳಿಕೊಂಡಿದ್ದಾರೆ. ಮುಚ್ಚಿದರೆ ತಮ್ಮ ಅರ್ಧ ಆಯುಷ್ಯ ವ್ಯರ್ಥ, ಮುಚ್ಚದಿದ್ದರೆ ಗ್ರೋವಾದ ಮೀನು ನಿರ್ವಂಶ ಎಂಬ ಸಂಕಟ ಅದು.

ಮುಂದಿನ ಅಕ್ಟೋಬರಿನಲ್ಲಿ, ಬೇಟೆಯ ಮೂರನೆಯ ವಾರ, ಓಡ್‌ಲೇವ್ ಕಾಫಿ ಫ್ಲಾಸ್ಕ್ ಹಿಡಿದು ಗೊಣಗುತ್ತಾ ಬಂದರು. ಕುರಿಗಳ ಋಣ ಎಳೆದು ತಂದಿತೋ, ಕುತೂಹಲವೋ ತಿಳಿಯದು. ಇಬ್ಬರೂ ಕೆಳಮಡುವಿನ ಬಂಡೆಯ ಮೇಲೆ ಹೊಟ್ಟೆಯಡಿಯಾಗಿ ಮಲಗಿ ನೋಡಿದರು. ತಿಳಿನೀರಿನಲ್ಲಿ ಹೆಣ್ಣು ಸಾಲ್ಮನ್ನೊಂದು ಮಗ್ಗುಲಾಗಿ ಬಾಲ ಬಡಿದು ಜಲ್ಲಿಯಲ್ಲಿ ಗುಂಡಿ ತೋಡುತ್ತಿತ್ತು. ಅಂಥವು ಹನ್ನೊಂದಿದ್ದವು. ಓಡ್‌ಲೇವ್ ಬೆರಳು ಮಡಿಸಿ ಎರಡೆರಡು ಸಲ ಎಣಿಸಿದರು.

“ಇವು ಯಾವಾಗಿಂದ ಬರ್ತಿವೆ ಹಿಂಗೆ?”

“ಯಾವಾಗ್ಲೂ ಬರ್ತಿದ್ವು. ನಾವು ಬರ್ತಿರ್ಲಿಲ್ಲ, ಅಷ್ಟೆ.”

ಆ ಚಳಿಗಾಲದ ಸಭೆಯಲ್ಲಿ ಕೇಂದ್ರ ಮುಚ್ಚಲು ಮೊದಲು ಕೈ ಎತ್ತಿದವರು ಓಡ್‌ಲೇವ್. ಅವರ ಹಿಂದೆ ಬೇಟೆತಂಡವೆಲ್ಲ ಎತ್ತಿತು.

ಅನಂತರದ ಏಳು ವರ್ಷ ಸುಲಭದವಲ್ಲ. ಮೀನುಗಾರಿಕೆ ನಿಂತಿತು, ಅಂಗಡಿಯ ಸರದಿಯಲ್ಲಿ ನಿಂತಾಗ “ಏನಮ್ಮ, ಮೀನು ಯಾವಾಗ ಬರುತ್ತಂತೆ, ಕಾಗದ ಹಾಕಿದ್ಯಾ?” ಎಂಬ ಕುಟುಕು ತಪ್ಪಲಿಲ್ಲ. ಟೊರ್ಗುನ್ ಪ್ರತಿ ವರ್ಷ ಬೇಟೆಯ ದಿನಗಳಲ್ಲಿ ನೀರಿಗಿಳಿದು, ಮುಖ ಮುಳುಗಿಸಿ ಎಣಿಸಿದರು: ಹದಿನಾಲ್ಕು, ಒಂಬತ್ತು, ಮತ್ತೆ ಹದಿನಾಲ್ಕು. ಒಂಬತ್ತರ ವರ್ಷ ತಮಗೂ ಧೈರ್ಯ ಉಡುಗಿತ್ತೆಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪುತ್ತಾರೆ.

ಕಳೆದ ಅಕ್ಟೋಬರಿನಲ್ಲಿ ಕೆಳಮಡುವೊಂದರಲ್ಲೇ ಇನ್ನೂರ ಆರು ಮೀನು. ತುಟಿ ನೀಲಿಗಟ್ಟಿ ಮೇಲೆ ಬಂದ ಅವರ ಹೆಗಲಿಗೆ ಓಡ್‌ಲೇವ್ ಕಂಬಳಿ ಹೊದಿಸಿ, “ಎಲ್ಲಾ ನಿನ್ ಮಕ್ಳೇ ಕಣಮ್ಮ” ಎಂದರು.

“ಇಲ್ಲ. ಒಂದೂ ನಂದಲ್ಲ,” ಎಂದು ನಕ್ಕವರು ಅಲ್ಲೇ ಅಳತೊಡಗಿದರು.

ಅರವತ್ತೇಳಕ್ಕೆ ನಿವೃತ್ತರಾಗುತ್ತಿರುವ ಟೊರ್ಗುನ್ ಅವರ ತಲೆಗೆ ಈಗ ಹೊಸ ಹುಳ ಹೊಕ್ಕಿದೆ: ಒಮ್ಮೆ ಮೊಟ್ಟೆಯಿಟ್ಟ ತಾಯಿಗಳಲ್ಲಿ ಕೆಲವು ಮಾತ್ರ ಎರಡನೆಯ, ಮೂರನೆಯ ಸಲ ಸಮುದ್ರದಿಂದ ಮರಳುವುದೇಕೆ? ಉತ್ತರಕ್ಕೆ ಕಡಿಮೆಯೆಂದರೂ ಹದಿನೆಂಟು ವರ್ಷ ನೋಡಬೇಕಂತೆ. ನಮ್ಮ ಹಾರೈಕೆ ಇಷ್ಟೇ: ಆ ಹದಿನೆಂಟೂ ಅವರಿಗೆ ದಕ್ಕಲಿ, ಹತ್ತೊಂಬತ್ತನೆಯ ವರ್ಷ ಅವರು ನಮ್ಮ ಸಭೆಯಲ್ಲಿ ಎದ್ದು ನಿಂತು, ಲೆಕ್ಕ ತಪ್ಪಾಯಿತು, ಮೊದಲಿಂದ ನೋಡಬೇಕು ಎನ್ನಲಿ.