ನೀರುಗಂಟಿ ಚಾಮಯ್ಯನ ಗೊದಮೊಟ್ಟೆಗಳು

ಹದಿನಾರು ಎಂಬ ಊರಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವ ನೀರುಗಂಟಿ ಕೆಲಸ ಚಾಮಯ್ಯನಿಗೆ ತಂದೆಯಿಂದ ಬಂದದ್ದು. ಯಾರ ಗದ್ದೆಯ ಬಸಿನೀರು ಎಲ್ಲಿಗೆ ಇಳಿಯುತ್ತದೆಂಬುದು ಅವನಿಗೆ ಬಾಯಿಪಾಠ. ಹೆಂಡತಿ ಮಂಚಮ್ಮ ಒಂದು ಕಾಲಕ್ಕೆ ನಾಟಿಯಲ್ಲಿ ಎತ್ತಿದ ಕೈ. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋದ ಮೇಲೆ, ಗದ್ದೆಯೆಂದರೆ ಅವಳ ಪಾಲಿಗೆ ಮಳೆಗಾಲದ ಸಂಜೆ ಕೇಳುವ ಕಪ್ಪೆಗಳ ಕೂಗು ಮಾತ್ರ. ಎರಡು ವರ್ಷಗಳಿಂದ ಅದೂ ಇರಲಿಲ್ಲ.

ಈ ಸಲ ಮುಂಗಾರಿನ ಮೊದಲ ಮಳೆಗೆ ತೂಬಿನ ಕೆಳಗಿನ ಗುಂಡಿಯಲ್ಲಿ ಒಂಟಿ ಗಂಡು ನೆಲಗಪ್ಪೆ ಗಂಟಲುಬ್ಬಿಸಿ ಕೂಗಿತು. ಬೆಳಿಗ್ಗೆ ಚಾಮಯ್ಯ ಹೋಗಿ ನೋಡಿದರೆ, ಅದು ಹೆಣ್ಣಿನ ಬೆನ್ನೇರಿ ಕಂಕುಳಡಿ ತಬ್ಬಿ ಕುಳಿತಿತ್ತು. ಹೆಣ್ಣು ಅದನ್ನು ಹೊತ್ತುಕೊಂಡೇ ಜೊಂಡಿನ ಸುತ್ತ ಈಜುತ್ತ, ಲೋಳೆಯ ಎರಡೆಳೆ ದಾರದಲ್ಲಿ ಪೋಣಿಸಿದಂತೆ ಕಪ್ಪು ಮೊಟ್ಟೆಗಳನ್ನು ಬಿಡುತ್ತಿತ್ತು.

“ನಿನ್ ಕರಿಮಣಿ ಸರದಂಗೇ ಅದೆ ಕಣಮ್ಮಿ. ಎರಡೆಳೆ,” ಎಂದು ಮನೆಗೆ ಬಂದು ಹೇಳಿದ.

“ನೀವು ನಂಗೆ ತಂದಿದ್ದು ಒಂದೆಳೆ. ಅದ್ರ ಗಂಡನೇ ವಾಸಿ ಬುಡಿ,” ಎಂದು ಮಂಚಮ್ಮ ಬಹಳ ದಿನಗಳ ಮೇಲೆ ನಕ್ಕಳು. “ಮರಿ ಉಳ್ಕಂಡ್ರೆ ಮುಂದ್ಕೆ ಕೂಗ್ತಾವೆ, ಅಲ್ವ್ರಾ?”

ಮೊಟ್ಟೆಯೊಡೆದು ಗುಂಡಿಯ ತುಂಬ ಗೊದಮೊಟ್ಟೆಗಳು ಬಾಲವಾಡಿಸಿದವು. ಮಳೆ ಮಾತ್ರ ಮತ್ತೆ ಬರಲಿಲ್ಲ. ಗುಂಡಿ ಬತ್ತುತ್ತ ಅವು ಕೆಸರಿನಲ್ಲಿ ಒತ್ತೊತ್ತಾಗಿ ಮಿಡುಕತೊಡಗಿದಾಗ, ಚಾಮಯ್ಯ ಜೀವಮಾನದಲ್ಲಿ ಮೊದಲ ಸಲ ಸರದಿ ತಪ್ಪಿಸಿ, ಪಕ್ಕದ ಕುಮಾರನ ಗದ್ದೆಯ ಬದು ಕಡಿದು ಗುಂಡಿಗೆ ನೀರು ಬಿಟ್ಟ. ಹಿಂದಿನ ದಿನ ಕುಮಾರ ಔಷಧಿ ಹೊಡೆಯುವ ಡಬ್ಬ ಬೆನ್ನಿಗೇರಿಸಿಕೊಂಡು ಅದೇ ಗದ್ದೆಗೆ ಇಳಿದದ್ದನ್ನು ಅವನು ಕಂಡಿದ್ದ. ಅವಸರದಲ್ಲಿ ಅದು ನೆನಪಿಗೆ ಬರಲಿಲ್ಲ.

ಮರುದಿನ ಗುಂಡಿಯ ತುಂಬ ನೀರಿತ್ತು. ಗೊದಮೊಟ್ಟೆಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

“ನನ್ ಬದು ಯಾಕ್ ಕಡ್ದೆ ಮಾವ? ಮೊನ್ನೆ ತಾನೆ ಕಳೆ ಔಸ್ದಿ ಒಡ್ದಿದ್ದೆ,” ಎಂದು ಬಂದ ಕುಮಾರ, ಗುಂಡಿಯತ್ತ ಇಣುಕಿ ದನಿ ತಗ್ಗಿಸಿದ. “ಕಪ್ಪೆ ಮರಿ ತಾನೆ, ಓಗ್ಲಿ ಬುಡು.”

ಚಾಮಯ್ಯ ಬದು ಮುಚ್ಚಿ ಮನೆಗೆ ಬಂದ.

“ಕಾಲ್ ಮೂಡಿದ್ವಾ?” ಎಂದಳು ಮಂಚಮ್ಮ.

“ಮೂಡ್ತಾ ಅವೆ.”

ಸಂಜೆಯಾಗುತ್ತಲೇ ಅವಳು ಗೋಡೆ ಹಿಡಿದು ಜಗಲಿಗೆ ಬಂದು, ಗದ್ದೆಯ ಕಡೆಗೆ ಕಿವಿಗೊಟ್ಟು ಕುಳಿತಳು. ಒಳಗೆ ಬಾ ಎಂದು ಕರೆಯಲು ಚಾಮಯ್ಯನಿಗೆ ಬಾಯಿ ಬರಲಿಲ್ಲ.